ರಾಗಿಗೆ ದೂರದ ನೆಂಟಸ್ತನ ಬೆಳೆಸಿದ ಲಕ್ಷ್ಮಣಯ್ಯ

ಮಕ್ಕಳೇ, ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಮುದ್ದೆ ಮಾಡಿದ್ದರೇ? ಮಾಡಿದ್ದರೆ ಅದು ಯಾವ ರಾಗಿಯ ಮುದ್ದೆ?

ಗುಬ್ಬಿ, ಕುಣಿಗಲ್ ಕಡೆಯ ಶಾಲೆಗಳಿಗೆ ಹೋದಾಗ ನಾನು ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ. ಕೆಲವರು ಕೆಂಪು ರಾಗಿ ಎನ್ನುತ್ತಾರೆ, ಕೆಲವರು ನಮ್ಮ ಹೊಲದ ರಾಗಿ ಎನ್ನುತ್ತಾರೆ, ಇನ್ನು ಕೆಲವರು ಸೊಸೈಟಿಯಲ್ಲಿ ಕೊಟ್ಟ ರಾಗಿ ಎಂದು ಹೇಳಿ ನಗುತ್ತಾರೆ. ಒಮ್ಮೆ ಕುಣಿಗಲ್ ತಾಲ್ಲೂಕಿನ ಒಂದು ಶಾಲೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ನಮ್ಮದು ಜಿಪಿಯು ರಾಗಿ ಸಾರ್ ಎಂದಳು. ಅವಳ ತಾತ ಹಾಗೆ ಹೇಳುತ್ತಿದ್ದರಂತೆ. ಆ ಹೆಸರಿನ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಆ ರಾಗಿಯ ತಂದೆ ತಾಯಿಯರನ್ನು ಹುಡುಕುತ್ತಾ ಹಿಂದಕ್ಕೆ ಹೋದರೆ ಒಬ್ಬ ಮನುಷ್ಯನ ಹೆಸರು ಸಿಗುತ್ತದೆ. ಅವರೇ ಸಿ. ಎಚ್. ಲಕ್ಷ್ಮಣಯ್ಯ. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದು ಕರೆದರು. ರಾಗಿ ಬ್ರಹ್ಮ ಎಂದವರೂ ಉಂಟು.

ಲಕ್ಷ್ಮಣಯ್ಯನವರು ಹುಟ್ಟಿದ್ದು 1921ರಲ್ಲಿ, ಹಳೆಯ ಮೈಸೂರು ಸೀಮೆಯಲ್ಲಿ. ಓದು ಮುಗಿಸಿ ಕೃಷಿ ಇಲಾಖೆಗೆ ಸೇರಿದರು. 1950ರ ದಶಕದ ಮೊದಲ ವರ್ಷಗಳಿಂದ ಅವರ ಕೆಲಸ ಒಂದೇ ಒಂದು ಬೆಳೆಯ ಮೇಲೆ ನಿಂತಿತು. ಅದು ರಾಗಿ. ಆಗ ದೇಶದ ವಿಜ್ಞಾನಿಗಳ ಗಮನವೆಲ್ಲ ಭತ್ತ ಮತ್ತು ಗೋಧಿಯ ಕಡೆಗೆ ಇತ್ತು. ರಾಗಿಯನ್ನು ಬೆಳೆಯುವವರು ಬಡವರು, ತಿನ್ನುವವರು ಬಡವರು, ಅದು ಬೆಳೆಯುವುದು ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ಹೊಲದಲ್ಲಿ. ಅದರ ಮೇಲೆ ಸಂಶೋಧನೆ ಮಾಡಿದರೆ ಹೆಸರು ಬರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಆದರೆ ತುಮಕೂರು, ಕೋಲಾರ, ಬೆಂಗಳೂರು, ಹಾಸನ, ಮಂಡ್ಯ, ಮೈಸೂರು ಜಿಲ್ಲೆಗಳ ಲಕ್ಷಾಂತರ ಮನೆಗಳಲ್ಲಿ ಒಲೆಯ ಮೇಲೆ ಎಸರು ಇಡುತ್ತಿದ್ದುದು ಈ ಕಾಳಿಗಾಗಿಯೇ. ಎಕರೆಗೆ ಮೂರು ನಾಲ್ಕು ಕ್ವಿಂಟಾಲ್ ಬಂದರೆ ಅದೇ ದೊಡ್ಡದು. ಮಳೆ ಕೈಕೊಟ್ಟ ವರ್ಷ ಕಣದಲ್ಲಿ ಗುಡಿಸುವುದಕ್ಕೂ ಏನೂ ಇರುತ್ತಿರಲಿಲ್ಲ.

ಅದಕ್ಕೂ ಮೊದಲು ಯಾರೂ ರಾಗಿಯನ್ನು ನೋಡಿಯೇ ಇರಲಿಲ್ಲ ಎಂದಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 20ನೇ ಶತಮಾನದ ಆರಂಭದಿಂದಲೇ ರಾಗಿಯ ಮೇಲೆ ಕೆಲಸ ನಡೆದಿತ್ತು. ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಇಲ್ಲಿನ ರಾಗಿ ಬೇಸಾಯದ ಬಗ್ಗೆ 1920ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದರು. ಹುಲ್ಲುಬಿಳಿ, ಕರಿಗಿಡ್ಡ, ಹಸಿರುಕಂಬಿ, ರುದ್ರಜಡೆ, ದೊಡ್ಡರಾಗಿ ಹೀಗೆ ನಮ್ಮ ಹಿರಿಯರು ಬೆಳೆಯುತ್ತಿದ್ದ ರಾಗಿಗಳಿಗೆ ಎಷ್ಟೊಂದು ಹೆಸರು ನೋಡಿ! ಹೊಲದಲ್ಲಿ ಚೆನ್ನಾಗಿ ತೆನೆ ಕಟ್ಟಿದ ಗಿಡಗಳನ್ನು ಆರಿಸಿ, ಅವುಗಳ ಬೀಜವನ್ನು ಬೇರೆಯಾಗಿ ಬಿತ್ತಿ, ಮತ್ತೆ ಆರಿಸಿ, ಒಂದು ಶುದ್ಧ ತಳಿಯನ್ನು ಮಾಡುತ್ತಿದ್ದರು. ಇದಕ್ಕೆ ಆಯ್ಕೆ ಎನ್ನುತ್ತಾರೆ. ಆದರೆ ಆಯ್ಕೆಗೆ ಒಂದು ಮಿತಿ ಇದೆ. ಚೀಲದಲ್ಲಿ ಇಲ್ಲದ ಗೋಲಿಯನ್ನು ಚೀಲದಿಂದ ತೆಗೆಯಲು ಆಗುವುದಿಲ್ಲ. ಹೊಸ ಗುಣ ಬೇಕಾದರೆ ಎರಡು ಬೇರೆ ಬೇರೆ ಗಿಡಗಳನ್ನು ಕೂಡಿಸಬೇಕು. ಇದು ಸಂಕರಣ.

ಮುಸುಕಿನ ಜೋಳದಲ್ಲಿ ಸಂಕರಣ ಸುಲಭ. ಗಂಡು ಹೂ ನೆತ್ತಿಯಲ್ಲಿ, ಹೆಣ್ಣು ಹೂ ನಡುವಿನಲ್ಲಿ, ಎರಡೂ ಬೇರೆ ಬೇರೆ ಇರುತ್ತವೆ. ರಾಗಿಯಲ್ಲಿ ಹಾಗಿಲ್ಲ. ರಾಗಿ ತೆನೆಯ ಒಂದು ಬೆರಳನ್ನು ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒತ್ತೊತ್ತಾಗಿ ಎರಡು ಸಾಲಿನಲ್ಲಿ ಪುಟ್ಟ ಪುಟ್ಟ ಗೊಂಚಲುಗಳು ಕಾಣುತ್ತವೆ. ಒಂದೊಂದು ಗೊಂಚಲಿನಲ್ಲೂ ಹಲವು ಹೂಗಳು. ಪ್ರತಿ ಹೂವಿನೊಳಗೆ ಮೂರು ಕೇಸರ, ಗರಿಯಂತಹ ಎರಡು ತುದಿಗಳಿರುವ ಒಂದು ಶಲಾಕೆ. ಒಂದು ಸಾವಿರ ರಾಗಿ ಕಾಳು ಸೇರಿದರೂ ತೂಕ ಸುಮಾರು ಮೂರು ಗ್ರಾಂ ಮಾತ್ರ. ಹಾಗಾದರೆ ಹೂವು ಎಷ್ಟು ಚಿಕ್ಕದಿರಬೇಕು ಯೋಚಿಸಿ. ಇನ್ನೊಂದು ತೊಡಕು ಎಂದರೆ, ಈ ಹೂ ಅರಳುವುದು ನಡುರಾತ್ರಿಯ ನಂತರ, ಬೆಳಗಿನ ಜಾವದೊಳಗೆ. ಅರಳುವ ಹೊತ್ತಿಗೇ ಕೇಸರ ಒಡೆದು ಅದರ ಪರಾಗ ಅದೇ ಹೂವಿನ ಶಲಾಕೆಗೆ ಅಂಟುತ್ತದೆ. ಅಂದರೆ ಸ್ವಕೀಯ ಪರಾಗಸ್ಪರ್ಶ. ನಾವು ಚಿಮುಟ ಹಿಡಿದು ಹೊಲಕ್ಕೆ ಹೋಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ! ಅದಕ್ಕೇ ರಾಗಿಯಲ್ಲಿ ಸಂಕರಣ ಬಲು ಕಷ್ಟದ ಕೆಲಸ ಎಂದು ಬಹಳ ಜನ ಕೈಬಿಟ್ಟಿದ್ದರು.

ಇದಕ್ಕೊಂದು ಜಾಣತನದ ಉಪಾಯವಿದೆ. ರಾಗಿ ಗಿಡಗಳಲ್ಲಿ ಕೆಲವು ಪೂರ್ತಿ ಹಸಿರು. ಇನ್ನು ಕೆಲವಕ್ಕೆ ಗೆಣ್ಣಿನಲ್ಲಿ, ತೆನೆಯಲ್ಲಿ ನೇರಳೆ ಛಾಯೆ ಇರುತ್ತದೆ. ನೇರಳೆ ಗುಣ ಪ್ರಬಲ, ಹಸಿರು ಗುಣ ದುರ್ಬಲ. ಹಸಿರು ಗಿಡವನ್ನು ತಾಯಿಯಾಗಿ, ನೇರಳೆ ಗಿಡವನ್ನು ತಂದೆಯಾಗಿ ಆರಿಸಿಕೊಂಡು, ಎರಡರ ತೆನೆಗಳೂ ಹೂ ಬಿಡುವ ಹೊತ್ತಿನಲ್ಲಿ ಅವುಗಳನ್ನು ಒಟ್ಟಿಗೆ ಸೇರಿಸಿ ಕಟ್ಟುತ್ತಾರೆ. ಮೇಲೆ ಒಂದು ಕಾಗದದ ಚೀಲ. ರಾತ್ರಿ ಹೂ ಅರಳಿದಾಗ ತಂದೆಯ ಪರಾಗದಲ್ಲಿ ಒಂದಿಷ್ಟು ತಾಯಿಯ ಹೂಗಳಿಗೂ ಬೀಳುತ್ತದೆ. ಕಾಳು ಬಲಿತ ಮೇಲೆ ತಾಯಿ ತೆನೆಯ ಬೀಜವನ್ನಷ್ಟೇ ಬಿತ್ತುತ್ತಾರೆ. ಬಹುಪಾಲು ಸಸಿಗಳು ತಾಯಿಯಂತೆಯೇ ಹಸಿರಾಗಿರುತ್ತವೆ, ಅವು ತನ್ನಿಂದ ತಾನೇ ಆದವು. ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಛಾಯೆಯ ಸಸಿ ಕಂಡರೆ ಅದೇ ನಿಜವಾದ ಮಿಶ್ರತಳಿ! ಹಸಿರು ತಾಯಿಗೆ ನೇರಳೆ ಮಗು ಹುಟ್ಟಬೇಕಾದರೆ ತಂದೆಯ ಪರಾಗ ಬಂದಿರಲೇಬೇಕಲ್ಲವೇ? ಈ ವಿಧಾನಕ್ಕೆ ಯಂತ್ರ ಬೇಡ, ದುಬಾರಿ ಉಪಕರಣ ಬೇಡ. ಬೇಕಾದುದು ಕಣ್ಣು ಮತ್ತು ತಾಳ್ಮೆ.

ನೇರಳೆ ಸಸಿ ಸಿಕ್ಕಿತು ಎಂದರೆ ಕೆಲಸ ಮುಗಿಯಿತೇ? ಇಲ್ಲ, ಆಗ ಶುರುವಾಗುತ್ತದೆ. ಆ ಸಸಿಯ ಮಕ್ಕಳಲ್ಲಿ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದು ಬೇಗ ಬಲಿಯುತ್ತದೆ, ಒಂದು ತಡ. ಸಾವಿರಾರು ಗಿಡಗಳ ಸಾಲಿನಲ್ಲಿ ನಡೆದು ಒಂದೊಂದನ್ನೂ ನೋಡಿ, ಬೇಕಾದುದಕ್ಕೆ ಗುರುತಿನ ಚೀಟಿ ಕಟ್ಟಿ, ಬೇಡದ್ದನ್ನು ಬಿಡಬೇಕು. ಮುಂದಿನ ಬೆಳೆಯಲ್ಲಿ ಮತ್ತೆ ಅದೇ. ಆರೇಳು ತಲೆಮಾರು ಹೀಗೆ ಸಾಗಿದ ಮೇಲೆ ಗಿಡಗಳೆಲ್ಲ ಒಂದೇ ರೀತಿ ಬರತೊಡಗುತ್ತವೆ. ಲಕ್ಷ್ಮಣಯ್ಯನವರು ಬಹಳ ಕಾಲ ದುಡಿದದ್ದು ಮಂಡ್ಯದ ವಿ. ಸಿ. ಫಾರಂನಲ್ಲಿ. ವಿ. ಸಿ. ಎಂದರೆ ವಿಶ್ವೇಶ್ವರಯ್ಯ ಕಾಲುವೆ. ಕನ್ನಂಬಾಡಿ ಅಣೆಕಟ್ಟಿನ ನೀರು ಅಲ್ಲಿಗೆ ಬರುತ್ತದೆ. ನಮ್ಮ ಗುಬ್ಬಿಯ ಹೊಲದಲ್ಲಾದರೆ ವರ್ಷಕ್ಕೆ ಒಂದೇ ರಾಗಿ ಬೆಳೆ. ನೀರಿದ್ದ ಕಡೆ ಬೇಸಿಗೆಯಲ್ಲಿ ಇನ್ನೊಂದು ಬೆಳೆ ತೆಗೆಯಬಹುದು. ಕಾಯುವ ವರ್ಷಗಳು ಅರ್ಧಕ್ಕೆ ಇಳಿಯುತ್ತವೆ.

ಹೀಗೆ ದುಡಿದು 1960ರ ದಶಕದ ನಡುವಿನ ಹೊತ್ತಿಗೆ ಅವರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಹೆಸರುಗಳು ಮನೆ ಮಕ್ಕಳ ಹೆಸರಿನಂತೆ ಇವೆ, ನನಗೆ ಬಹಳ ಇಷ್ಟ. ಆ ದಿನಗಳನ್ನು ನೆನೆಯಿರಿ. 1965 ಮತ್ತು 1966ರಲ್ಲಿ ದೇಶದಲ್ಲಿ ಭಾರೀ ಬರ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ಮಾತ್ರ ಎಷ್ಟೋ ಊರುಗಳ ಹೊಟ್ಟೆ ತುಂಬುತ್ತಿತ್ತು. ಅಂತಹ ಸಮಯದಲ್ಲಿ ನಮ್ಮದೇ ಹೊಲದಲ್ಲಿ, ನಮ್ಮದೇ ಕಾಳು ಒಂದಿಷ್ಟು ಹೆಚ್ಚು ಬರುವಂತೆ ಮಾಡುವುದು ಎಷ್ಟು ದೊಡ್ಡ ಮಾತು!

ಲಕ್ಷ್ಮಣಯ್ಯನವರು ಅಷ್ಟಕ್ಕೆ ನಿಲ್ಲಲಿಲ್ಲ. ಅವರ ಕಣ್ಣು ಕಡಲಿನ ಆಚೆಗೆ ಹೋಯಿತು.

ರಾಗಿ ನಮ್ಮದೇ ಬೆಳೆ ಎಂದು ನಾವು ಎಷ್ಟು ಹೆಮ್ಮೆಪಟ್ಟರೂ ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಇಥಿಯೋಪಿಯ, ಉಗಾಂಡ ಇರುವ ಕಡೆ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಜನರ ಜೊತೆ, ಸರಕಿನ ಜೊತೆ ಅದು ಭಾರತಕ್ಕೆ ಬಂತು. ಇಲ್ಲಿನ ಮಳೆಗೆ, ಇಲ್ಲಿನ ಮಣ್ಣಿಗೆ, ಇಲ್ಲಿನ ಕಣಕ್ಕೆ ಒಗ್ಗಿಕೊಂಡಿತು. ನಮ್ಮ ರೈತರು ಬೇಗ ಬಲಿಯುವ, ಸುಲಭವಾಗಿ ಕಾಳು ಬಿಡುವ ರಾಗಿಯನ್ನು ಉಳಿಸಿಕೊಳ್ಳುತ್ತಾ ಬಂದರು. ಆಫ್ರಿಕಾದಲ್ಲಿ ಉಳಿದ ರಾಗಿಯ ದಾರಿಯೇ ಬೇರೆಯಾಯಿತು. ಅಲ್ಲಿನ ಗಿಡಗಳಿಗೆ ದಪ್ಪ ಕಾಂಡ, ಅಗಲವಾದ ಎಲೆ, ದೊಡ್ಡ ತೆನೆ, ಬಲವಾದ ಬೇರು. ಆದರೆ ಅವು ತಡವಾಗಿ ಬಲಿಯುತ್ತವೆ, ತೆನೆ ಬಡಿದರೆ ಕಾಳು ಸುಲಭಕ್ಕೆ ಬಿಡುವುದಿಲ್ಲ. ಒಂದೇ ಅಜ್ಜಿಯ ಎರಡು ಕವಲುಗಳು ಸಾವಿರಾರು ವರ್ಷ ಒಂದರ ಮುಖ ಒಂದು ನೋಡದೆ ಬೆಳೆದಂತೆ. ಈ ಎರಡನ್ನೂ ಮತ್ತೆ ಕೂಡಿಸಿದರೆ? ಒಂದರ ಬೇಗ ಬಲಿಯುವ ಗುಣ, ಇನ್ನೊಂದರ ದೊಡ್ಡ ತೆನೆ ಒಂದೇ ಗಿಡಕ್ಕೆ ಬಂದರೆ?

ಇಲ್ಲಿಯೂ ತೊಡಕು ಇದ್ದೇ ಇತ್ತು. ಎರಡೂ ಒಂದೇ ದಿನ ಹೂ ಬಿಡದಿದ್ದರೆ ತೆನೆ ಕಟ್ಟಿ ಏನು ಪ್ರಯೋಜನ? ತಡವಾಗಿ ಹೂ ಬಿಡುವುದನ್ನು ಮೊದಲು ಬಿತ್ತಿ, ಬೇಗ ಬಿಡುವುದನ್ನು ಆಮೇಲೆ ಬಿತ್ತಿ ಹೊಂದಿಸಬೇಕು. ಅದನ್ನೂ ಹೊಂದಿಸಿದರು. ಹುಟ್ಟಿದ ತಳಿಗಳಿಗೆ ಇಂಡಾಫ್ ಎಂದು ಹೆಸರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್, ಎರಡೂ ಸೇರಿ ಇಂಡಾಫ್. 1970ರ ದಶಕದಿಂದ ಈ ಸಾಲಿನ ತಳಿಗಳು ಒಂದೊಂದಾಗಿ ರೈತರ ಕೈ ಸೇರಿದವು. ಇಂಡಾಫ್-5ರಲ್ಲಿ ಕಾವೇರಿಯ ರಕ್ತವಿದೆ. ಇಂಡಾಫ್-8ರ ತಾಯಿ ನಮ್ಮ ಹಳೆಯ ಹುಲ್ಲುಬಿಳಿ ರಾಗಿಯೇ! ಇಂಡಾಫ್-8 ತಡವಾಗಿ ಬಲಿಯುವ ತಳಿ, ಮುಂಗಾರಿನಲ್ಲಿ ಬೇಗ ಬಿತ್ತುವವರಿಗೆ. ಮಳೆ ತಡವಾದರೆ ಬೇಗ ಬಲಿಯುವ ಇಂಡಾಫ್-5. ಇನ್ನೂ ತಡವಾದರೂ, ಬೇಸಿಗೆಗೂ ಇಂಡಾಫ್-9. ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲದ ನಮ್ಮಂತಹ ಜಿಲ್ಲೆಗೆ ಇದು ಎಷ್ಟು ಮುಖ್ಯ ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ.

ರಾಗಿ ಬೆಳೆಯುವ ಭೂಮಿ ಹೆಚ್ಚಾಗಲಿಲ್ಲ, ಆದರೆ ರಾಗಿ ಹೆಚ್ಚಾಯಿತು. ಅದಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. ರಾಗಿಯದು ಸ್ವಕೀಯ ಪರಾಗಸ್ಪರ್ಶ ಎಂದೆನಲ್ಲ, ಸಂಕರಣ ಮಾಡುವವರಿಗೆ ಅದು ತಲೆನೋವು. ರೈತನಿಗೆ ಅದೇ ವರ. ಒಮ್ಮೆ ಒಳ್ಳೆಯ ಬೀಜ ತಂದರೆ ಅದರ ಗುಣ ಹಲವು ವರ್ಷ ಕೆಡುವುದಿಲ್ಲ. ಪ್ರತಿ ವರ್ಷ ಅಂಗಡಿಯಲ್ಲಿ ಹೊಸ ಬೀಜ ಕೊಳ್ಳಬೇಕಾಗಿಲ್ಲ. ನಮ್ಮ ತಾತ ಗುಬ್ಬಿ ಹತ್ತಿರದ ನೆಂಟರ ಮನೆಯಿಂದ ಎರಡು ಸೇರು ಇಂಡಾಫ್ ರಾಗಿಯನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದರು. ಮುಂದಿನ ವರ್ಷ ನಮ್ಮ ಕಣದಿಂದ ಪಕ್ಕದ ಮೂರು ಮನೆಗೆ ಹೋಯಿತು. ವಿಜ್ಞಾನಿಯ ಹೆಸರು ಅವರಾರಿಗೂ ಗೊತ್ತಿರಲಿಲ್ಲ.

ಈಗ ಕಥೆಯ ಕಹಿ ಭಾಗಕ್ಕೆ ಬರೋಣ. ರಾಗಿಗೆ ಒಬ್ಬ ಹಳೆಯ ಶತ್ರು ಇದ್ದಾನೆ. ಅದು ಬೆಂಕಿ ರೋಗ. ಹೆಸರು ಕೇಳಿದರೆ ಬಿಸಿಲಿನ ಝಳದಿಂದ ಬರುವ ರೋಗ ಎನ್ನಿಸುತ್ತದೆ. ಹಾಗಲ್ಲ, ಇದನ್ನು ತರುವುದು ಒಂದು ಶಿಲೀಂಧ್ರ. ಭತ್ತದ ಬೆಂಕಿ ರೋಗ ತರುವುದೂ ಇದರ ಬಳಗವೇ. ಮೋಡ ಕವಿದ ವಾತಾವರಣ, ತುಂತುರು ಮಳೆ, ರಾತ್ರಿಯ ಇಬ್ಬನಿ ಇದಕ್ಕೆ ಪ್ರಿಯ. ಅಂದರೆ ನಮ್ಮ ರಾಗಿ ತೆನೆ ಬಿಡುವ ಹಸ್ತ, ಚಿತ್ತೆ ಮಳೆಯ ಕಾಲವೇ ಇದಕ್ಕೂ ಹಬ್ಬ. ಮೊದಲು ಎಲೆಯ ಮೇಲೆ ಕಣ್ಣಿನ ಆಕಾರದ ಚುಕ್ಕೆಗಳು ಬೀಳುತ್ತವೆ. ನಡುವೆ ಬೂದು ಬಣ್ಣ, ಅಂಚಿನಲ್ಲಿ ಕಂದು. ಎಲೆಗೆ ಬಂದರೆ ಹೇಗೋ ಚೇತರಿಸಿಕೊಳ್ಳಬಹುದು. ಆದರೆ ತೆನೆಯ ಕೆಳಗಿನ ಕುತ್ತಿಗೆಗೆ ಬಂದರೆ ಮುಗಿಯಿತು. ಕುತ್ತಿಗೆ ಕಪ್ಪಾಗುತ್ತದೆ, ನೀರು ಮತ್ತು ಆಹಾರ ತೆನೆಗೆ ಏರುವುದಿಲ್ಲ, ಕಾಳು ಜೊಳ್ಳಾಗುತ್ತದೆ. ಕೆಟ್ಟ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆ ಹೋದದ್ದೂ ಇದೆ.

ನಾನು ನಿಮ್ಮಷ್ಟು ದೊಡ್ಡವನಾಗಿದ್ದಾಗ ಒಂದು ವರ್ಷ ನಮ್ಮ ಹೊಲಕ್ಕೂ ಅದು ಬಂತು. ದೂರದಿಂದ ನೋಡಿದರೆ ತೆನೆಗಳೆಲ್ಲ ಬೇಗ ಹಣ್ಣಾದಂತೆ ಕಾಣುತ್ತಿದ್ದವು. ನನಗೆ ಖುಷಿಯಾಗಿ ಓಡಿಹೋಗಿ ತಾತನಿಗೆ ಹೇಳಿದೆ. ತಾತ ಬಂದು ಒಂದು ತೆನೆ ಕಿತ್ತು ಅಂಗೈಯಲ್ಲಿ ಹೊಸಕಿ ಊದಿದರು. ಅಂಗೈಯಲ್ಲಿ ಏನೂ ಉಳಿಯಲಿಲ್ಲ.

ಔಷಧಿ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಬೀಜೋಪಚಾರ ಮಾಡಬಹುದು, ಶಿಲೀಂಧ್ರನಾಶಕ ಸಿಂಪಡಿಸಬಹುದು. ಆದರೆ ಮಳೆಯನ್ನು ನಂಬಿ ಎರಡು ಎಕರೆ ರಾಗಿ ಬಿತ್ತಿದವರು ಎಷ್ಟು ಸಲ ಸಿಂಪಡಿಸಿಯಾರು? ರೋಗ ತಡೆಯುವ ಶಕ್ತಿ ಬೀಜದೊಳಗೇ ಇದ್ದರೆ ಅದಕ್ಕೆ ಬೇರೆ ಖರ್ಚಿಲ್ಲ. ಲಕ್ಷ್ಮಣಯ್ಯನವರ ಇಂಡಾಫ್ ತಳಿಗಳು ಇಳುವರಿಯಲ್ಲಿ ಗೆದ್ದಿದ್ದವು. ಆದರೆ ಅವುಗಳಲ್ಲಿ ಹಲವು ಬೆಂಕಿ ರೋಗಕ್ಕೆ ತುತ್ತಾಗುತ್ತಿದ್ದವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಒಬ್ಬರ ಆಯುಸ್ಸಿನಲ್ಲಿ ಎಲ್ಲ ಗುಣಗಳನ್ನೂ ಒಂದೇ ಗಿಡಕ್ಕೆ ತರಲು ಆಗುವುದಿಲ್ಲ.

1993ರಲ್ಲಿ ಲಕ್ಷ್ಮಣಯ್ಯನವರು ತೀರಿಕೊಂಡರು. ಅವರ ಗಿಡಗಳು ಉಳಿದಿದ್ದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಜಿಕೆವಿಕೆ ಆವರಣದಲ್ಲಿ ಇಂಡಾಫ್-9ನ್ನು ಐಇ 1012 ಎಂಬ, ಬೆಂಕಿ ರೋಗ ತಡೆಯಬಲ್ಲ ಇನ್ನೊಂದು ರಾಗಿಯ ಜೊತೆ ಕೂಡಿಸಿದ್ದರು. ಅದರಿಂದ ಬಂದುದನ್ನು ಇಂಡಾಫ್-5ರ ಜೊತೆ ಕೂಡಿಸಿದರು. ಆ ಸಂತಾನದಲ್ಲಿ ಆರಿಸಿ ತೆಗೆದ ತಳಿಯೇ ಜಿಪಿಯು-28. 1990ರ ದಶಕದ ಕೊನೆಯ ಹೊತ್ತಿಗೆ ಅದು ರೈತರಿಗೆ ಸಿಕ್ಕಿತು. ಬಿತ್ತಿದ ನಾಲ್ಕು ತಿಂಗಳೊಳಗೆ ಕಟಾವು, ಒಳ್ಳೆಯ ಇಳುವರಿ, ಜೊತೆಗೆ ಕುತ್ತಿಗೆಯ ಬೆಂಕಿ ರೋಗವನ್ನು ತಡೆದು ನಿಲ್ಲುವ ಶಕ್ತಿ. ನೋಡನೋಡುತ್ತಿದ್ದಂತೆ ದಕ್ಷಿಣ ಕರ್ನಾಟಕದ ರಾಗಿ ಹೊಲಗಳನ್ನು ಅದು ಆವರಿಸಿತು. ಕುಣಿಗಲ್ಲಿನ ಆ ಹುಡುಗಿಯ ತಾತ ಹೇಳುತ್ತಿದ್ದುದು ಇದನ್ನೇ.

ಈಗ ಅದರ ವಂಶವೃಕ್ಷವನ್ನು ನಿಮ್ಮ ನೋಟ್ ಪುಸ್ತಕದಲ್ಲಿ ಬರೆದು ನೋಡಿ. ಜಿಪಿಯು-28ರ ಒಂದು ಕಡೆ ಇಂಡಾಫ್-5, ಅದರ ಹಿಂದೆ ಕಾವೇರಿ. ಎರಡೂ ಲಕ್ಷ್ಮಣಯ್ಯನವರವು. ಇನ್ನೊಂದು ಕಡೆ ಇಂಡಾಫ್-9 ಮತ್ತು ಐಇ 1012. ಇಂಡಾಫ್-9 ಕೂಡ ಅವರದೇ. ಆಮೇಲೆ ಬಂದ ಎಂಎಲ್-365 ಎಂಬ ತಳಿಯನ್ನು ನಮ್ಮ ಕಡೆ ಈಗ ಬಹಳ ಜನ ಬಿತ್ತುತ್ತಾರೆ. ಬೆಂಕಿ ರೋಗ, ಬರ ಎರಡನ್ನೂ ಅದು ತಡೆದುಕೊಳ್ಳುತ್ತದೆ. ಅದರ ತಂದೆ ತಾಯಿಯರು ಯಾರು ಗೊತ್ತೇ? ಐಇ 1012 ಮತ್ತು ಇಂಡಾಫ್-5. ಮಂಡ್ಯದ ಹೊಲದಲ್ಲಿ ಅವರು ಚೀಟಿ ಕಟ್ಟಿದ ಗಿಡದ ಮೊಮ್ಮಕ್ಕಳು ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದ ಮುದ್ದೆಯಲ್ಲೂ, ನಿಮ್ಮ ಮನೆಯ ಮುದ್ದೆಯಲ್ಲೂ ಇದ್ದರೆ ಆಶ್ಚರ್ಯವೇನಿಲ್ಲ.

ಈ ದಾರಿ ರಾಗಿಗೆ ಮಾತ್ರವಲ್ಲ. ನಮ್ಮ ಜಿಲ್ಲೆಯ ಪಾವಗಡ, ಶಿರಾ ಕಡೆ ಕಡಲೆಕಾಯಿ ಮುಖ್ಯ ಬೆಳೆ. ಅದಕ್ಕೆ ಎಲೆಚುಕ್ಕೆ ರೋಗ, ತುಕ್ಕು ರೋಗ ಎರಡರ ಕಾಟ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಕೊಟ್ಟ ಜಿಪಿಬಿಡಿ-4 ಎಂಬ ಕಡಲೆಕಾಯಿ ತಳಿ ಈ ಎರಡನ್ನೂ ತಡೆಯುತ್ತದೆ. ಅದಕ್ಕೆ ಆ ಶಕ್ತಿ ಬಂದದ್ದು ಕಡಲೆಕಾಯಿಯ ಕಾಡು ನೆಂಟರಿಂದ. ಅಲ್ಲಿಯೂ ದೂರದ ನೆಂಟರೇ!

ಶಿಲೀಂಧ್ರವೇನೂ ಸುಮ್ಮನೆ ಕೂತಿಲ್ಲ. ಅದೂ ಬದಲಾಗುತ್ತಾ ಹೋಗುತ್ತದೆ. ಇಂದು ತಡೆದು ನಿಂತ ತಳಿ ಮುಂದೊಂದು ದಿನ ಸೋಲಬಹುದು. ಆದ್ದರಿಂದ ಹಳೆಯ ರಾಗಿಗಳನ್ನೂ, ಬೇರೆ ದೇಶದ ರಾಗಿಗಳನ್ನೂ ಸಾವಿರಾರು ಲೆಕ್ಕದಲ್ಲಿ ಬೀಜ ಸಂಗ್ರಹಾಲಯಗಳಲ್ಲಿ ತಣ್ಣಗೆ ಕಾಪಾಡಿ ಇಟ್ಟಿದ್ದಾರೆ. ಮುಂದಿನ ಐಇ 1012 ಅವುಗಳಲ್ಲಿ ಯಾವುದೋ ಒಂದು ಪೊಟ್ಟಣದಲ್ಲಿ ಇರಬಹುದು.

ಮಾಡಿ ನೋಡಿ: ಅಕ್ಟೋಬರ್ ತಿಂಗಳಲ್ಲಿ ನಿಮ್ಮ ಊರಿನ ರಾಗಿ ಹೊಲಕ್ಕೆ ಶಿಕ್ಷಕರ ಜೊತೆ ಹೋಗಿ. ಹೊಲದ ಯಜಮಾನರನ್ನು ಕೇಳಿ ಒಂದೇ ಸಾಲಿನಲ್ಲಿ ನೂರು ತೆನೆಗಳನ್ನು ಮುಟ್ಟಿ ನೋಡಿ. ಎಷ್ಟು ತೆನೆಯ ಕುತ್ತಿಗೆ ಕಪ್ಪಾಗಿದೆ, ಎಷ್ಟು ತೆನೆಯ ಬೆರಳುಗಳು ಜೊಳ್ಳಾಗಿವೆ ಎಂದು ಎಣಿಸಿ ಬರೆಯಿರಿ. ತಳಿಯ ಹೆಸರು, ಬಿತ್ತಿದ ಮಳೆ, ಬೀಜ ಎಲ್ಲಿಂದ ಬಂತು ಎಂಬುದನ್ನೂ ಕೇಳಿ ಪಕ್ಕದಲ್ಲಿ ಬರೆಯಿರಿ. ಎರಡು ಬೇರೆ ತಳಿಗಳ ಹೊಲ ಅಕ್ಕಪಕ್ಕ ಸಿಕ್ಕರೆ ಇನ್ನೂ ಒಳ್ಳೆಯದು. ತೆನೆ ಮಾತ್ರ ಕೀಳಬೇಡಿ.